ಪಿಯುಸಿ ಆದ್ಮೇಲೆ ಸಂಗೀತನೇ ಓದ್ಬೇಕು ಅಂತಿದೀನಿ: ಧಾರವಾಡನಾ, ಬನಾರಸ್ಸಾ, ಕೋಲ್ಕತಾನಾ?

ಶಿರಸಿ_ಭೀಮ್‌ಪಲಾಸ್

ಎಲ್ಲರಿಗೂ ನಮಸ್ಕಾರ. ನಾನು ಸೆಕೆಂಡ್ ಪಿಯುಸಿ ಕಾಮರ್ಸ್, ಶಿರಸಿ ಹತ್ರ ಒಂದು ಹಳ್ಳಿ. ನಾಲ್ಕನೇ ಕ್ಲಾಸಿಂದ ಹಿಂದೂಸ್ತಾನಿ ಗಾಯನ ಕಲೀತಾ ಇದೀನಿ, ಮೊದಲಿಂದ ಒಬ್ಬರೇ ಗುರುಗಳು, ವಾರಕ್ಕೆ ಎರಡು ದಿನ ಪಾಠ. ಗಾಂಧರ್ವ ಮಂಡಳದ ಸಂಗೀತ ಪರೀಕ್ಷೆಗಳಲ್ಲಿ ಮಧ್ಯಮಾ ಪೂರ್ಣ ಆಗಿದೆ, ಅದರ ಮುಂದಿನ ವಿಶಾರದ ಇನ್ನೂ ಕಟ್ಟಿಲ್ಲ. ಯಮನ್, ಭೈರವ್, ಭೀಮ್‌ಪಲಾಸ್, ಬಾಗೇಶ್ರೀ ಇಷ್ಟು ರಾಗ ವಿಲಂಬಿತ್ (ನಿಧಾನ ಲಯದ ಹಾಡಿಕೆ) ಸಮೇತ ಸ್ವಲ್ಪ ಹೊತ್ತು ಹಾಡಬಲ್ಲೆ, ಉಳಿದದ್ದೆಲ್ಲ ಛೋಟಾ ಖ್ಯಾಲ್ (ಚುರುಕು ಲಯದ ಸಣ್ಣ ರಚನೆ) ಮಟ್ಟಕ್ಕೆ.

ನನಗೆ ಸಂಗೀತ ಬಿಟ್ಟು ಬೇರೆ ಏನೂ ಓದೋ ಮನಸ್ಸಿಲ್ಲ. ಅಪ್ಪ ಬೇಡ ಅಂತ ಹೇಳಿಲ್ಲ, ಆದ್ರೆ ಬಿಕಾಂ ಮಾಡು, ಸಂಗೀತ ಜೊತೆಗೆ ನಡೀಲಿ ಅಂತಾರೆ. ಅವರ ಮೇಲೆ ಸಿಟ್ಟಿಲ್ಲ, ನಮ್ಮದು ಸಣ್ಣ ಅಡಿಕೆ ತೋಟ, ಕೊಳೆ ರೋಗ ಬಂದ ವರ್ಷ ಮನೆ ಹೇಗೆ ನಡೆಯುತ್ತೆ ಅಂತ ನಾನೂ ನೋಡಿದೀನಿ. ಆದ್ರೆ ನಮ್ಮ ಗುರುಗಳ ಹತ್ರ ನನಗಿಂತ ಎಷ್ಟೋ ಚೆನ್ನಾಗಿ ಹಾಡ್ತಿದ್ದ ಅಕ್ಕ ಒಬ್ಬರು ಇದ್ರು, ಬಿಕಾಂ ಸೇರಿದ್ರು, ಆಮೇಲೆ ಕೆಲಸ, ಈಗ ತಂಬೂರಿ ಮುಟ್ಟೋದೇ ಇಲ್ಲ. ನನಗೆ ಆ ಭಯ.

ನೆಟ್ಟಲ್ಲಿ ಹುಡುಕಿದಷ್ಟೂ ತಲೆ ಕೆಡ್ತಿದೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಕಾಲೇಜು ಇದೆ, ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ ಗುರುಕುಲ ಇದೆ, ಮೈಸೂರಲ್ಲಿ ಅವರ ಹೆಸರಲ್ಲೇ ಸಂಗೀತ ವಿಶ್ವವಿದ್ಯಾಲಯ ಇದೆ, ಬನಾರಸ್ ಹಿಂದೂ ವಿವಿ ಬಗ್ಗೆ ಎಲ್ಲರೂ ದೊಡ್ಡದಾಗಿ ಹೇಳ್ತಾರೆ, ಕೋಲ್ಕತಾದ ಐಟಿಸಿ ಸಂಗೀತ ರಿಸರ್ಚ್ ಅಕಾಡೆಮಿ ಬಗ್ಗೆ ಓದಿದಾಗಂತೂ ಅಲ್ಲಿ ಸಿಕ್ಕಿದ್ರೆ ಇನ್ನೇನೂ ಬೇಡ ಅನ್ನಿಸ್ತು. ಇವುಗಳಲ್ಲಿ ಹೇಗೆ ಆಯ್ಕೆ ಮಾಡೋದು? ಡಿಗ್ರಿ ಮುಖ್ಯನಾ, ಗುರು ಮುಖ್ಯನಾ? ಆಡಿಷನ್ನಲ್ಲಿ ಏನು ಕೇಳ್ತಾರೆ? ಇನ್ನೊಂದು, ಇದನ್ನ ನಮ್ಮ ಗುರುಗಳಿಗೆ ಹೇಗೆ ಹೇಳೋದು ಅನ್ನೋದೇ ನನಗೆ ಎಲ್ಲಕ್ಕಿಂತ ಕಷ್ಟ ಆಗಿದೆ, ಇನ್ನೂ ಹೇಳಿಲ್ಲ. ಗೊತ್ತಿದ್ದವರು ದಯವಿಟ್ಟು ಬರೀರಿ.

---

ಮಾಳಮಡ್ಡಿ_ಕಾಕಾ

ತಂಗಿ, ನಿನ್ನ ಕೊನೀ ಪ್ರಶ್ನೆಯಿಂದನ ಶುರು ಮಾಡ್ತೀನಿ, ಯಾಕಂದ್ರ ಉಳಿದದ್ದೆಲ್ಲ ಅದರ ಮ್ಯಾಲೇ ನಿಂತದ.

ಮೊದಲು ಗುರುಗಳಿಗೆ ಹೇಳು. ಫಾರ್ಮ್ ತುಂಬೂಕಿಂತ ಮೊದಲು, ಅಪ್ಪಗ ಒಪ್ಪಸೂಕಿಂತ ಮೊದಲು. ನಾಲ್ಕನೇ ಕ್ಲಾಸಿನಿಂದ ನಿನಗ ಸಾ ಹಚ್ಚಲಿಕ್ಕೆ ಕಲಿಸಿದವರು ಅವರು, ನಿನ್ನ ಧ್ವನಿ ಎಲ್ಲಿ ಒಡೀತದ, ಎಲ್ಲಿ ನಿಲ್ಲತದ ಅಂತ ಅವರಿಗೆ ಗೊತ್ತಿದ್ದಷ್ಟು ಯಾವ ಆಡಿಷನ್ ಕಮಿಟಿಗೂ ಗೊತ್ತಾಗೂದಿಲ್ಲ. ಫೋನ್ ಮಾಡಿ ಹೇಳಬ್ಯಾಡ, ಪಾಠ ಮುಗಿದ ಮ್ಯಾಲೆ ಕೂತು ಹೇಳು: "ನಾ ಇದನ್ನ ಮುಂದ ಒಯ್ಯಬೇಕಂತೀನಿ, ನನ್ನ ಗಾಯನಕ್ಕ ಎಂಥಾ ತಾಲೀಮು ಬೇಕು, ಯಾರ ಹತ್ರ ಹೋಗಲಿ, ನೀವ ಹೇಳ್ರಿ." ಹಿಂಗ ಕೇಳಿದ್ರ ಬೇಜಾರ ಆಗೋ ಗುರುಗಳನ್ನ ನಾ ಭಾಳ ಕಡಿಮಿ ನೋಡೀನಿ. ಅವರು ಇನ್ನೊಬ್ಬರಿಗೆ ಒಂದು ಮಾತು ಹೇಳಿದ್ರ, "ನಮ್ಮ ಹುಡುಗಿ, ಚೊಲೋ ಹಾಡ್ತಾಳ, ಒಮ್ಮೆ ಕೇಳ್ರಿ" ಅಂದ್ರ, ನಮ್ಮ ಸಂಗೀತದಾಗ ಅದಕ್ಕಿರೋ ತೂಕ ಸರ್ಟಿಫಿಕೇಟಿಗೆ ಇಲ್ಲ. ಹೇಳದ ಹೋಗಿ ಆಮ್ಯಾಲೆ ಬ್ಯಾರೆಯವರ ಬಾಯಿಂದ ಅವರಿಗೆ ಗೊತ್ತಾದ್ರ ಆ ನೋವು ಉಳೀತದ, ಹೊಸ ಗುರುಗಳೂ "ಹಿಂದಿನವರಿಗೆ ಕೇಳಿ ಬಂದೀಯೇನವಾ?" ಅಂತ ಕೇಳೇ ಕೇಳ್ತಾರ.

ಈಗ ಕಾಲೇಜಿನ ಮಾತು. ನಾ ಧಾರವಾಡದಾಗ ಇಂಥಾ ಹುಡುಗರನ್ನ ವರ್ಷಾನುಗಟ್ಟಲೆ ನೋಡ್ಕೋತ ಬಂದೀನಿ. ಕಾಲೇಜು ನಿನಗ ಮೂರು ವಸ್ತು ಕೊಡ್ತದ: ಒಂದು ಡಿಗ್ರಿ, ಸುತ್ತ ಹಾಡೋ ಬಾರಿಸೋ ಹುಡುಗರ ಸಹವಾಸ, ಮತ್ತ ಮೂರ್ನಾಲ್ಕು ವರ್ಷ ಮನ್ಯಾಗ ಯಾರೂ "ಏನ ಮಾಡಾಕತ್ತಿ?" ಅಂತ ಕೇಳದಂಥಾ ವೇಳೆ. ಕಡೀದು ಸಣ್ಣದು ಅಂತ ತಿಳೀಬ್ಯಾಡ, ನಿನ್ನ ವಯಸ್ಸಿನಾಗ ಅದ ದೊಡ್ಡದು. ಆದ್ರ ಖ್ಯಾಲ ಕ್ಲಾಸಿನ್ಯಾಗ ಬರೂದಿಲ್ಲ. ಹದಿನೈದು ಮಂದಿ ಕೂತು ಒಂದು ತಾಸಿನ್ಯಾಗ ಪುರಿಯಾ ಧನಾಶ್ರೀ ರಾಗದ ಬಂದಿಶ್ (ಕಟ್ಟಿದ ರಚನೆ) ಬರಕೊಂಡ್ರ ಪರೀಕ್ಷೆಗೆ ಸಾಕು, ಮೆಹಫಿಲ್ಲಿಗೆ ಸಾಲೂದಿಲ್ಲ. ಒಂದು ರಾಗದ ಬಢತ್ (ಸ್ವರ ಸ್ವರವಾಗಿ ರಾಗ ಬೆಳಸೂದು) ಹೆಂಗ ಮಾಡಬೇಕು, ಗಂಧಾರದ ಮ್ಯಾಲೆ ಎಷ್ಟು ಹೊತ್ತು ಕೂಡಬೇಕು, ಯಾವಾಗ ಬಿಡಬೇಕು, ಇದು ಎದುರಿಗೆ ಕೂತು, ಗುರು ಹಾಡಿದ್ದನ್ನ ಹಾಡಿ, ಬೈಸ್ಕೊಂಡು ಬರೋ ವಿದ್ಯಾ. ಹಂಗಂತ ನಾ ಹೇಳೂದು ಇಷ್ಟ: ಮೊದಲು ಗುರು ಹುಡುಕು, ಆಮ್ಯಾಲೆ ಆ ಗುರು ಇರೋ ಊರಾಗ ಕಾಲೇಜು ಹುಡುಕು. ಎಲ್ಲಾರೂ ಇದನ್ನ ತಿರುವು ಮುರುವು ಮಾಡ್ತಾರ.

ಭೀಮಸೇನ ಜೋಶಿಯವರ ವಿಷಯ ನಿನಗ ಗೊತ್ತಿರಬೇಕು. ಸಣ್ಣವರಿದ್ದಾಗ ಗುರು ಹುಡುಕ್ಕೋತ ಗದಗ ಬಿಟ್ಟು ಓಡಿ ಹೋದ್ರು, ಗ್ವಾಲಿಯರಿನ ಮಾಧವ ಸಂಗೀತ ಕಾಲೇಜಿನ್ಯಾಗೂ ಇದ್ದು ಬಂದ್ರು, ಉತ್ತರ ಹಿಂದೂಸ್ತಾನ ಎಲ್ಲಾ ತಿರುಗಿದ್ರು, ಕಡೀಕೆ ಗುರು ಸಿಕ್ಕಿದ್ದು ಗದಗಿನಿಂದ ದೂರ ಏನೂ ಇಲ್ಲದ ಕುಂದಗೋಳದಾಗ, ಸವಾಯಿ ಗಂಧರ್ವರ ಮನ್ಯಾಗ. ಗಂಗೂಬಾಯಿಯವರೂ ಹುಬ್ಬಳ್ಳಿಯಿಂದ ರೈಲು ಹತ್ತಿ ಅದ ಕುಂದಗೋಳಕ್ಕ ಪಾಠಕ್ಕ ಹೋಗತಿದ್ರು. ದೂರ ಹೋಗಬ್ಯಾಡ ಅಂತ ಇದನ್ನ ಹೇಳಲಿಕ್ಕೆ ಹತ್ತಿಲ್ಲ. ಊರಿನ ಹೆಸರು ನೋಡಿ ಹೋಗಬ್ಯಾಡ, ಅಲ್ಲಿ ಯಾರ ಎದುರಿಗೆ ಕೂಡ್ತಿ ಅದನ್ನ ನೋಡಿ ಹೋಗು ಅಂತೀನಿ.

ಅದಕ್ಕ ಮಾಡಬೇಕಾದ ಕೆಲಸ ಏನಂದ್ರ, ಈಗಿನಿಂದ ಕಛೇರಿಗೆ ಹೋಗು. ಶಿರಸಿ, ಹೊನ್ನಾವರ, ಕುಮಟಾ ಕಡೆ ನಿಮ್ಮಲ್ಲೇ ಎಷ್ಟು ಬೈಠಕ್ ಆಗ್ತಾವ. ಧಾರವಾಡಕ್ಕ ಬಂದ್ರ ಸೃಜನಾ ರಂಗಮಂದಿರದಾಗ ಏನರ ನಡದಿರ್ತದ, ಕುಂದಗೋಳದ ನಾಡಿಗೇರ ವಾಡೇದಾಗ ರಾತ್ರಿಯೆಲ್ಲಾ ಹಾಡ್ತಾರ. ಕೇಳ್ಕೋತ ಹೋದಂಗ ನಿನಗ ಯಾರ ಗಾಯಕಿ, ಅಂದ್ರ ಹಾಡೋ ಶೈಲಿ, ಎದಿಗೆ ಹತ್ತತದ ಅಂತ ತಿಳೀತದ, ಘರಾಣೆಗಳ (ಹಾಡೋ ಪರಂಪರೆಗಳ) ಪೈಕಿ ಕಿರಾಣಾದ ಸುರಾ ಬೇಕೋ, ಜೈಪುರದ ಪೇಚು ಬೇಕೋ, ಗ್ವಾಲಿಯರಿನ ಬಂದಿಶ್ ಅಂಗ ಬೇಕೋ. ನಿನ್ನ ಈಗಿನ ಗುರುಗಳ ಗಾಯಕಿಗೂ ಹೊಸಾದಕ್ಕೂ ಜಗಳ ಆಗಬಾರದು, ಜಗಳ ಆತಂದ್ರ ಮೊದಲ ಎರಡು ವರ್ಷ ಬರೇ ಮುರದು ಕಟ್ಟೂದ ಆಗ್ತದ.

ಆಮ್ಯಾಲೆ ಆ ಗುರುಗಳ ಶಿಷ್ಯರನ್ನ ಕೇಳು. ದೊಡ್ಡ ಶಿಷ್ಯರನ್ನ ಅಲ್ಲ, ನಿನ್ನ ವಯಸ್ಸಿನವರನ್ನ. ಅವರೇ ಹಾಡ್ತಾರೇನು, ಗುರುವಿನ ನಕಲು ಹಾಡ್ತಾರೇನು? ಎರಡು ವರ್ಷದ ಹಿಂದ ಹೆಂಗಿದ್ರು, ಈಗ ಹೆಂಗಿದ್ದಾರ? ಪಾಠ ಯಾರು ಹೇಳ್ತಾರ, ಗುರುಗಳೋ, ಅವರ ಹಿರೀ ಶಿಷ್ಯರೋ? ತಿಂಗಳಿನ್ಯಾಗ ಎಷ್ಟು ದಿವಸ ಗುರುಗಳು ಊರಾಗ ಇರ್ತಾರ? ಇದನ್ನ ಕೇಳಲಿಕ್ಕೆ ಸಂಕೋಚ ಬ್ಯಾಡ.

---

ಗಂಗಾತೀರ_ಕನ್ನಡಿಗ

ಕಾಕಾ ಹೇಳಿದ್ದು ನೂರಕ್ಕೆ ನೂರು ಸರಿ, ನಾನು ಬನಾರಸ್ ಬಗ್ಗೆ ಮಾತ್ರ ಸೇರಿಸ್ತೀನಿ, ಇಲ್ಲೇ ಓದ್ತಾ ಇದೀನಿ, ಊರು ಹಾವೇರಿ ಜಿಲ್ಲೆ.

ಬಿಎಚ್‌ಯುನಲ್ಲಿ ಸಂಗೀತಕ್ಕೆ ಅಂತಲೇ ಪ್ರತ್ಯೇಕ ಫ್ಯಾಕಲ್ಟಿ ಇದೆ, 1950ರಲ್ಲಿ ಪಂಡಿತ್ ಓಂಕಾರನಾಥ ಠಾಕೂರ್ ಕಟ್ಟಿದ್ದು. ಗಾಯನ, ವಾದ್ಯ, ನೃತ್ಯ ಎಲ್ಲ ಒಂದೇ ಕಡೆ. ಬಿಪಿಎ (ಪ್ರದರ್ಶಕ ಕಲೆಗಳ ಪದವಿ) ಅಡ್ಮಿಷನ್ ಸಿಯುಇಟಿ ಅನ್ನೋ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಮೂಲಕ. ತಂಗಿ, ಇದು ಚೆನ್ನಾಗಿ ನೆನಪಿಟ್ಕೋ, ನಮ್ಮ ಕಡೆ ಹುಡುಗರು ಹಾಡೋಕೆ ಬರದೆ ಇದ್ದದ್ದಕ್ಕಿಂತ ಫಾರ್ಮ್ ಗೊತ್ತಾಗದೆ ಸೀಟು ಕಳ್ಕೊಂಡಿದ್ದೇ ಜಾಸ್ತಿ. ಸಿಯುಇಟಿ ಫಾರ್ಮ್ ವರ್ಷದ ಶುರುವಿನ ತಿಂಗಳುಗಳಲ್ಲೇ ಬರುತ್ತೆ, ನಿಮ್ಮ ಪಿಯು ಪರೀಕ್ಷೆ ಗಡಿಬಿಡಿಯಲ್ಲಿ ಇರೋ ಹೊತ್ತಿಗೆ ಸರಿಯಾಗಿ, ರಿಸಲ್ಟ್ ಬರಲಿ ನೋಡೋಣ ಅಂತ ಕೂತರೆ ಮುಗೀತು. ಅದರಲ್ಲಿ ಪರ್ಫಾರ್ಮಿಂಗ್ ಆರ್ಟ್ಸ್ ಅನ್ನೋ ವಿಷಯ ಇದೆ, ಅದನ್ನ ತಗೋಬೇಕು. ಕನ್ನಡದಲ್ಲೇ ಪರೀಕ್ಷೆ ಬರೆಯೋಕೆ ಅವಕಾಶ ಇದೆ, ಆದ್ರೆ ಶಾಸ್ತ್ರದ ಪದಗಳು ಎಲ್ಲ ಭಾಷೆಯಲ್ಲೂ ಅವೇ ಅಲ್ವಾ, ಥಾಟ್, ವಾದಿ, ಸಂವಾದಿ, ಅದಕ್ಕೆ ಯಾವುದರಲ್ಲಿ ಬರೆದರೂ ನಡೆಯುತ್ತೆ. ಇನ್ನೊಂದು ಮುಖ್ಯ ವಿಷಯ ಏನಂದ್ರೆ ಸಿಯುಇಟಿ ಬರೆದರೆ ಸಾಲದು, ಆಮೇಲೆ ಯೂನಿವರ್ಸಿಟಿ ಪೋರ್ಟಲ್ಲಲ್ಲಿ ಬೇರೆಯಾಗಿ ರಿಜಿಸ್ಟರ್ ಮಾಡ್ಬೇಕು, ಎರಡೂ ಬೇರೆ ಬೇರೆ. ದೆಹಲಿ ವಿವಿಯಲ್ಲಿ ಬಿಎ ಆನರ್ಸ್ ಸಂಗೀತಕ್ಕೂ ಸಿಯುಇಟಿ ಜೊತೆ ಹಾಡಿ ತೋರಿಸೋ ಟೆಸ್ಟ್ ಇದೆ, ಹಾಗಾಗಿ ಒಂದೇ ಪರೀಕ್ಷೆಯಲ್ಲಿ ಎರಡೂ ಕಡೆ ಬಾಗಿಲು ತೆರೆದಿರುತ್ತೆ.

ಹಾಡೋ ಟೆಸ್ಟಲ್ಲಿ ಏನಾಗುತ್ತೆ ಅಂದ್ರೆ, ನೀನು ಆರಿಸಿದ ರಾಗ ಹಾಡು ಅಂತಾರೆ, ಕೆಲವು ನಿಮಿಷದಲ್ಲೇ ನಿಲ್ಲಿಸ್ತಾರೆ. ನಿಲ್ಲಿಸಿದ್ರು ಅಂತ ಧೈರ್ಯ ಕಳ್ಕೋಬೇಡ, ಎಲ್ಲರನ್ನೂ ನಿಲ್ಲಿಸ್ತಾರೆ. ಆಮೇಲೆ ಅವರೇ ಒಂದು ಸ್ವರಗುಚ್ಛ ಹಾಡಿ ತಿರುಗಿ ಹಾಡು ಅನ್ನಬಹುದು, ಇದೇ ನಿಜವಾದ ಪರೀಕ್ಷೆ, ನಿನಗೆ ಎಷ್ಟು ಬರುತ್ತೆ ಅನ್ನೋದಕ್ಕಿಂತ ಕಿವಿ ಹೇಗಿದೆ, ಹೇಳಿಕೊಟ್ಟಿದ್ದು ಹಿಡೀತಾಳಾ ಅಂತ ನೋಡ್ತಾರೆ. ಆಮೇಲೆ ರಾಗಗಳ ಅಂತರ ಕೇಳ್ತಾರೆ. ಭೂಪ್ ಮತ್ತು ದೇಶ್‌ಕಾರ್ ಎರಡಕ್ಕೂ ಅದೇ ಐದು ಸ್ವರ, ಒಂದರಲ್ಲಿ ಗಂಧಾರ ವಾದಿ (ಮುಖ್ಯ ಸ್ವರ), ಇನ್ನೊಂದರಲ್ಲಿ ಧೈವತ, ಸರಿ ಇದು ಪುಸ್ತಕದಲ್ಲಿದೆ, ಆದ್ರೆ ಅವರು ಹಾಡಿ ತೋರಿಸು ಅಂತಾರೆ. ಮಾರ್ವಾ, ಪೂರಿಯಾ, ಸೋಹನಿ ಮೂರೂ ಹಾಗೇ. ಹಾಡಿ ಬೇರೆ ಮಾಡೋಕೆ ಬಂದ್ರೆ ಅಲ್ಲಿಗೆ ಗೆದ್ದ ಹಾಗೆ. ಏಕ್‌ತಾಲ್, ತೀನ್‌ತಾಲ್, ಝಪ್‌ತಾಲ್ ಕೈಯಲ್ಲಿ ಹಾಕಿ ದುಗುನ್ (ಎರಡು ಪಟ್ಟು ವೇಗ) ಸಮೇತ ಹೇಳೋದು ಅಭ್ಯಾಸ ಇರ್ಲಿ.

ಇಲ್ಲಿನ ಜೀವನ ಹೇಳ್ಬೇಕಂದ್ರೆ ಮೊದಲ ವರ್ಷ ಕಷ್ಟ. ಥಿಯರಿ ಪಾಠ ಹಿಂದಿಯಲ್ಲಿ, ಜನವರಿ ಮಂಜಿನಲ್ಲಿ ಬೆಳಗಿನ ಜಾವ ಖರಜ್ (ಕೆಳಗಿನ ಸ್ವರಗಳ ಸಾಧನೆ) ಮಾಡೋಕೆ ಧ್ವನಿನೇ ಏಳಲ್ಲ, ಮೇ ತಿಂಗಳ ಬಿಸಿಲು ಹೇಳೋದೇ ಬೇಡ, ಶಿರಸಿ ಹವಾಮಾನದಲ್ಲಿ ಬೆಳೆದವರಿಗೆ ಇನ್ನೂ ಕಷ್ಟ. ಆದ್ರೆ ಏಪ್ರಿಲ್ಲಲ್ಲಿ ಸಂಕಟಮೋಚನ ದೇವಸ್ಥಾನದಲ್ಲಿ ಸಂಗೀತ ಸಮಾರೋಹ ಆಗುತ್ತೆ ನೋಡು, ರಾತ್ರಿಯಿಡೀ, ಒಂದು ಪೈಸೆ ಟಿಕೆಟ್ ಇಲ್ಲ, ದೇಶದ ದೊಡ್ಡ ದೊಡ್ಡ ಕಲಾವಿದರು ಹನುಮಂತನ ಮುಂದೆ ಬಂದು ಹಾಡ್ತಾರೆ, ನಾವು ವಿದ್ಯಾರ್ಥಿಗಳು ನೆಲದ ಮೇಲೆ ಕೂತು ಬೆಳಗಿನವರೆಗೂ ಕೇಳ್ತೀವಿ. ಠುಮ್ರಿ, ಚೈತಿ, ಕಜ್ರಿ ಇಲ್ಲಿ ಜನರ ಬಾಯಲ್ಲೇ ಇದೆ. ಇದಕ್ಕಾಗಿ ಬರಬಹುದು ಅಂತ ನಾನು ಹೇಳ್ತೀನಿ. ಕ್ಲಾಸಿನ ಹೊರಗೆ ಇಲ್ಲಿ ಯಾರ ಹತ್ರ ಕೂತು ಕಲೀತೀಯ ಅನ್ನೋದನ್ನ ಮಾತ್ರ ಬರೋ ಮೊದಲೇ ಯೋಚಿಸು, ನಾನಂತೂ ಈಗ ಹೆಚ್ಚು ಕಲೀತಿರೋದು ಸಂಜೆ ಗುರೂಜಿ ಮನೆಯಲ್ಲೇ.

---

ದಾವಣಗೆರೆ_ಅಮ್ಮ

ಪುಟ್ಟಾ, ನಾನು ಸಂಗೀತಗಾರ್ತಿ ಅಲ್ಲ, ಮಗ ತಬಲಾ ಕಲೀತಾನೆ, ಹಾಗಾಗಿ ಈ ಓಡಾಟ ಎಲ್ಲ ಮಾಡಿ ಆಗಿದೆ. ನಿಮ್ಮ ಅಪ್ಪನ ಮಾತು ನನಗೆ ಅರ್ಥ ಆಗುತ್ತೆ, ಅವರ ಮುಂದೆ ಹೇಗೆ ಮಾತಾಡ್ಬೇಕು ಅಂತ ಹೇಳ್ತೀನಿ.

ಒಂದು, ಬಿಕಾಂ ಅಥವಾ ಸಂಗೀತ ಅಂತ ಎರಡರಲ್ಲಿ ಒಂದು ಆರಿಸೋ ಪರಿಸ್ಥಿತಿ ಈಗಿಲ್ಲ. ಯುಜಿಸಿ 2022ರಲ್ಲಿ ಏಕಕಾಲಕ್ಕೆ ಎರಡು ಡಿಗ್ರಿ ಮಾಡೋಕೆ ಅವಕಾಶ ಕೊಟ್ಟಿದೆ, ಒಂದು ಕಾಲೇಜಿಗೆ ಹೋಗಿ, ಇನ್ನೊಂದು ದೂರಶಿಕ್ಷಣದಲ್ಲಿ. ಮೈಸೂರಿನ ಮುಕ್ತ ವಿವಿಯಲ್ಲಿ ಬಿಕಾಂ ಕಟ್ಟಿ, ರೆಗ್ಯುಲರ್ ಆಗಿ ಸಂಗೀತದ ಡಿಗ್ರಿ ಮಾಡಬಹುದು. ಸೇರೋ ಮೊದಲು ಎರಡೂ ವಿವಿಗಳಲ್ಲಿ ಒಮ್ಮೆ ವಿಚಾರಿಸ್ಕೋ, ನಿಯಮ ಅಳವಡಿಸೋದು ಆಯಾ ವಿವಿಗೆ ಬಿಟ್ಟಿದ್ದು. ನಮ್ಮನೆಯವರು ಒಪ್ಪಿದ್ದೇ ಈ ಒಂದು ಮಾತಿಗೆ.

ಎರಡು, ಡಿಗ್ರಿ ಯಾಕೆ ಬೇಕು ಅಂದ್ರೆ ಮುಂದೆ ಹೊಟ್ಟೆಪಾಡಿಗೆ. ಕೇಂದ್ರೀಯ ವಿದ್ಯಾಲಯದಲ್ಲಿ ಸಂಗೀತ ಟೀಚರ್ ಆಗೋಕೆ ಸಂಗೀತದ ಡಿಗ್ರಿ ಕೇಳ್ತಾರೆ. ಸಂಗೀತದಲ್ಲಿ ಎಂಎ ಅಥವಾ ಎಂಪಿಎ ಮಾಡಿ ನೆಟ್ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ಪಾಸಾದರೆ ಕಾಲೇಜಿಗೆ ಅರ್ಜಿ ಹಾಕಬಹುದು, ನೆಟ್‌ನಲ್ಲಿ ಸಂಗೀತ ಒಂದು ವಿಷಯ ಅಂತ ಎಷ್ಟೋ ತಂದೆತಾಯಿಗಳಿಗೆ ಗೊತ್ತೇ ಇರಲ್ಲ. ಆಕಾಶವಾಣಿ ಆಡಿಷನ್ ಬೇರೆ ಇದೆ, ಬಿ, ಬಿ ಹೈ, ಎ, ಎ ಟಾಪ್ ಅಂತ ಗ್ರೇಡು, ಅದು ಸಂಗೀತಗಾರರಿಗೆ ಒಂದು ಗುರುತಿನ ಚೀಟಿ ಇದ್ದ ಹಾಗೆ. ಕಾಲೇಜಲ್ಲಿ ಕಲಿಸೋಕೆ ಡಿಗ್ರಿ ಜೊತೆ ಒಳ್ಳೆ ಗುರುಗಳ ಹತ್ರ ಕಲಿತ ಎ ಗ್ರೇಡ್ ಕಲಾವಿದರಿಗೂ ಯುಜಿಸಿ ನಿಯಮದಲ್ಲಿ ದಾರಿ ಇಟ್ಟಿದ್ದಾರೆ. ಅಂದ್ರೆ ಡಿಗ್ರಿ, ಗುರು ಎರಡೂ ಒಂದಕ್ಕೊಂದು ಶತ್ರು ಅಲ್ಲ.

ಮೂರು, ದುಡ್ಡು. ಸರ್ಕಾರಿ ವಿವಿಗಳಲ್ಲಿ ಫೀಸ್ ನಮ್ಮಂಥವರಿಗೆ ಭಾರ ಆಗಲ್ಲ, ಹಾಸ್ಟೆಲ್, ಊಟ, ಓಡಾಟ, ಹೊರಗಿನ ಗುರುದಕ್ಷಿಣೆ ಇವೇ ಜಾಸ್ತಿ, ಅದನ್ನ ಬರೆದು ಲೆಕ್ಕ ಹಾಕಿ ಅಪ್ಪನಿಗೆ ತೋರಿಸು. ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ಸ್ಕಾಲರ್‌ಶಿಪ್ ಇದೆ, 18ರಿಂದ 25 ವರ್ಷದವರಿಗೆ, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಗುರುಗಳ ಹತ್ರ ಕನಿಷ್ಠ ಐದು ವರ್ಷ ಕಲಿತಿರಬೇಕು ಅಂತ ಕೇಳ್ತಾರೆ, ನಿನಗೆ ಅದಿದೆ. ಅರ್ಜಿಗೆ ಗುರುಗಳ ಸಹಿ ಪತ್ರ ಬೇಕೇ ಬೇಕು, ನೋಡು ಅಲ್ಲಿಗೂ ಮತ್ತೆ ಗುರುಗಳ ಹತ್ರವೇ ಬಂತು.

ಒಂದು ಎಚ್ಚರಿಕೆ. ಬೆಂಗಳೂರಲ್ಲಿ ಒಂದು ಖಾಸಗಿ ಸಂಸ್ಥೆಗೆ ಮಗನನ್ನ ಕರ್ಕೊಂಡು ಹೋಗಿದ್ವಿ, ಬಣ್ಣದ ಬ್ರೋಷರಲ್ಲಿ ದೊಡ್ಡ ದೊಡ್ಡ ಕಲಾವಿದರ ಫೋಟೋ ಎಲ್ಲ ಇತ್ತು, ವಿಚಾರಿಸಿದರೆ ಅವರೆಲ್ಲ ವರ್ಷಕ್ಕೊಮ್ಮೆ ಬಂದು ವರ್ಕ್‌ಶಾಪ್ ಮಾಡಿ ಹೋಗೋರು, ದಿನಾ ಪಾಠ ಹೇಳೋರು ಆ ವರ್ಷ ತಾನೇ ಅಲ್ಲಿಂದ ಪಾಸಾದ ಹುಡುಗರು. ಡಿಗ್ರಿ ಯಾವ ವಿವಿಯದು ಅಂತ ಕೇಳಿದ್ದಕ್ಕೆ ಸರಿಯಾದ ಉತ್ತರ ಇಲ್ಲ. ಎಲ್ಲಿ ಸೇರಿದರೂ ಆ ವಿವಿ ಯುಜಿಸಿ ಪಟ್ಟಿಯಲ್ಲಿ ಇದೆಯಾ ನೋಡು, ಮತ್ತೆ ಒಂದು ದಿನ ಸುಮ್ಮನೆ ಹೋಗಿ ಕ್ಲಾಸ್ ನಡೆಯೋ ಹೊತ್ತಲ್ಲಿ ಕಾರಿಡಾರಲ್ಲಿ ನಿಂತ್ಕೋ. ರೂಮುಗಳಿಂದ ಹಾಡು ಕೇಳಿಸ್ತಾ ಇದೆಯಾ, ತಂಬೂರಿಗಳು ಶ್ರುತಿ ಮಾಡಿ ಇಟ್ಟಿದಾರಾ, ಧೂಳು ಹಿಡಿದು ಮೂಲೆಯಲ್ಲಿ ಇವೆಯಾ, ಗೊತ್ತಾಗಿಬಿಡುತ್ತೆ.

---

ಶಿರಸಿ_ಭೀಮ್‌ಪಲಾಸ್

ಕಾಕಾ, ಅಣ್ಣ, ಅಮ್ಮ, ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಎರಡು ಡಿಗ್ರಿ ವಿಷಯ ಅಪ್ಪನಿಗೆ ಹೇಳಿದೆ, ಮೊದಲ ಸಲ "ಹೌದಾ, ಪೂರ್ತಿ ವಿಚಾರಿಸು" ಅಂದ್ರು. ಗುರುಗಳಿಗೆ ಈ ವಾರದ ಪಾಠದ ದಿನ ಹೇಳ್ತೀನಿ.

ಇನ್ನೆರಡು ಪ್ರಶ್ನೆ. ಕೋಲ್ಕತಾ ಅಕಾಡೆಮಿ ನನ್ನಂಥವರಿಗೆ ಸಾಧ್ಯ ಇದೆಯಾ? ಮತ್ತೆ ಕೆಲವು ಕಡೆ ರೆಕಾರ್ಡಿಂಗ್ ಕಳಿಸಿ ಅಂತಿದೆ, ನಮ್ಮ ಹತ್ರ ಫೋನ್ ಬಿಟ್ಟು ಏನೂ ಇಲ್ಲ, ಸ್ಟುಡಿಯೋಗೆ ಹೋಗ್ಬೇಕಾ?

---

ತಂತಿ_ಮೈಕು

ಸ್ಟುಡಿಯೋ ಬೇಡ್ವೇ ಬೇಡ. ನಾನು ಸೌಂಡ್ ಕೆಲಸ ಮಾಡೋನು, ಆಯ್ಕೆಗೆ ಕೂತಿರೋ ಹಿರಿಯರಿಗೆ ಎಫೆಕ್ಟ್ ಹಾಕಿದ ದನಿ ಕೇಳಿದ ಕೂಡ್ಲೇ ಅನುಮಾನ ಬರುತ್ತೆ. ರಿವರ್ಬ್ ಹಾಕ್ಬೇಡಿ, ಪಿಚ್ ಸರಿ ಮಾಡೋ ಆಪ್ ಅಂತೂ ಹತ್ರನೂ ಸೇರಿಸ್ಬೇಡಿ, ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರೋದು) ಎಲ್ಲ ಮೆಟ್ಟಿಲು ಮೆಟ್ಟಿಲಾಗಿ ಕೇಳಿಸುತ್ತೆ.

ಫೋನ್ ಸಾಕು. ಫ್ಲೈಟ್ ಮೋಡ್‌ಗೆ ಹಾಕಿ, ನಿಮ್ಮಿಂದ ಮೂರು ಅಡಿ ದೂರ, ಬಾಯಿ ಎತ್ತರಕ್ಕೆ, ನೇರ ಎದುರಿಗಲ್ಲ, ಸ್ವಲ್ಪ ಪಕ್ಕಕ್ಕೆ ಇಡಿ. ತಂಬೂರಿ ಇನ್ನೊಂದು ಫೋನಲ್ಲಿ ಆಪ್ ಹಾಕಿ ಅಥವಾ ಎಲೆಕ್ಟ್ರಾನಿಕ್ ಪೆಟ್ಟಿಗೆ ಇದ್ರೆ ಅದು, ನಿಮ್ಮ ಹಿಂದೆ ಇರ್ಲಿ, ದನಿಯನ್ನ ಮುಚ್ಚಬಾರದು ಆದ್ರೆ ಸಾ ಪಾ ಸ್ಪಷ್ಟ ಕೇಳಿಸ್ಬೇಕು. ಖಾಲಿ ಕೋಣೆ ಬೇಡ, ಹಾಸಿಗೆ, ಬಟ್ಟೆ ಇರೋ ಕೋಣೆ ಒಳ್ಳೇದು, ದನಿ ಗೋಡೆಗೆ ಬಡಿದು ವಾಪಸ್ ಬರಲ್ಲ. ಶಿರಸಿ ಅಂದ್ರಲ್ಲ, ಹೆಂಚಿನ ಮನೆ ಆದ್ರೆ ಜೂನ್ ಬಂದ ಮೇಲೆ ರೆಕಾರ್ಡಿಂಗ್ ಆಸೆ ಬಿಡಿ, ಮಳೆ ಸದ್ದು ಬಿಟ್ಟು ಬೇರೇನೂ ಕೇಳಲ್ಲ, ಕರೆಂಟೂ ಇರಲ್ಲ. ಮಾರ್ಚ್ ಒಳಗೆ ಎರಡು ಮೂರು ರಾಗ ರೆಕಾರ್ಡ್ ಮಾಡಿಟ್ಕೊಳ್ಳಿ, ಫ್ಯಾನ್ ಆಫ್ ಮಾಡಿ, ಬೆಳಗಿನ ಜಾವ ಹಕ್ಕಿ ಕೂಗೋ ಮೊದಲು.

ಶುರುವಲ್ಲಿ ಹೆಸರು, ರಾಗ, ತಾಳ ಹೇಳಿ ಹಾಡಿ. ವಿಡಿಯೋ ಕೇಳಿದ್ರೆ ಒಂದೇ ಟೇಕ್, ಕತ್ತರಿಸಿ ಅಂಟಿಸಿದ್ದು ಬೇಡ. ಆಗುತ್ತೆ ಅಂದ್ರೆ ತಬಲಾ ಬಾರಿಸೋರನ್ನ ನಿಜವಾಗ್ಲೂ ಕೂರಿಸ್ಕೊಳ್ಳಿ, ಆಪ್ ತಬಲಾ ಜೊತೆ ಹಾಡಿದ್ರೆ ಸಮ್‌ಗೆ (ತಾಳದ ಮೊದಲ ಮಾತ್ರೆಗೆ) ಬರೋದು ಸರಿ ಇರುತ್ತೆ, ಆದ್ರೆ ಲಯದಲ್ಲಿ ಇನ್ನೊಬ್ಬ ಮನುಷ್ಯನ ಜೊತೆ ನೀವು ಹೇಗೆ ಇರ್ತೀರ ಅಂತ ಕೇಳೋರಿಗೆ ಗೊತ್ತಾಗಲ್ಲ.

---

ಶ್ರುತಿ_ಐದೂವರೆ

ಕರ್ನಾಟಕ ಸಂಗೀತದವರು ಯಾರಾದ್ರೂ ಇದನ್ನ ಓದ್ತಿದ್ರೆ ಅಂತ ಎರಡು ಮಾತು. ನಮ್ಮ ಕಡೆ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆ ಎಲ್ಲರೂ ಕಟ್ಟಿರ್ತಾರೆ, ಡಿಗ್ರಿಗೆ ಮೈಸೂರಲ್ಲಿ ಲಲಿತಕಲಾ ಕಾಲೇಜು, ಸಂಗೀತ ವಿವಿ ಎರಡೂ ಇವೆ. ಚೆನ್ನೈಗೆ ಹೋಗೋ ಮನಸ್ಸಿದ್ರೆ ರುಕ್ಮಿಣಿ ದೇವಿಯವರು 1936ರಲ್ಲಿ ಶುರು ಮಾಡಿದ ಕಲಾಕ್ಷೇತ್ರದಲ್ಲಿ ಸಂಗೀತದ ಡಿಪ್ಲೊಮಾ ಇದೆ, ಅಲ್ಲೇ ಹಾಸ್ಟೆಲಲ್ಲಿ ಇದ್ದು ಕಲಿಯೋ ಪದ್ಧತಿ. ಸ್ವಲ್ಪ ಮುಂದುವರೆದವರಿಗೆ ಮ್ಯೂಸಿಕ್ ಅಕಾಡೆಮಿಯ ಅಡ್ವಾನ್ಸ್ಡ್ ಸ್ಕೂಲ್ ಇದೆ. ಚೆನ್ನೈಯಲ್ಲಿ ಇದ್ರೆ ಡಿಸೆಂಬರ್ ಸೀಸನ್ನಲ್ಲಿ ಕೇಳೋ ಕಛೇರಿಗಳೇ ಒಂದು ಪಾಠಶಾಲೆ, ಬೆಳಿಗ್ಗೆಯಿಂದ ರಾತ್ರಿವರೆಗೆ ಸಭೆಯಿಂದ ಸಭೆಗೆ ಓಡಬಹುದು, ಬೆಳಗಿನ, ಮಧ್ಯಾಹ್ನದ ಎಷ್ಟೋ ಕಛೇರಿಗಳಿಗೆ ಟಿಕೆಟ್ ಇರಲ್ಲ. ನಮ್ಮಲ್ಲಿ ಆಯ್ಕೆಯ ಹೊತ್ತಿಗೆ ವರ್ಣ ಎರಡು ಕಾಲದಲ್ಲಿ (ಎರಡು ವೇಗದಲ್ಲಿ) ಬಿಗಿಯಾಗಿ ಇರ್ಬೇಕು, ಸ್ವಲ್ಪ ಆಲಾಪನೆ, ನಾಲ್ಕು ಆವರ್ತ ಸ್ವರ ಮನೋಧರ್ಮದಿಂದ ಹಾಡೋಕೆ ಬಂದ್ರೆ ಒಳ್ಳೇದು. ಬಾಯಿಪಾಠ ಮಾಡಿದ ಕಲ್ಪನಾಸ್ವರ ತಕ್ಷಣ ಸಿಕ್ಕಿಬೀಳುತ್ತೆ, ಸರಳವಾದ್ರೂ ನಿಮ್ಮದೇ ಹಾಡಿ.

---

ಮಾಳಮಡ್ಡಿ_ಕಾಕಾ

ತಂಗಿ, ಕೋಲ್ಕತಾದ ಪ್ರಶ್ನೆಗೆ. ಐಟಿಸಿ ಅಕಾಡೆಮಿ ಶುರು ಆಗಿದ್ದು 1977ರಾಗ, ಕಾಲೇಜ ಅಲ್ಲ ಅದು, ಗುರು ಶಿಷ್ಯರು ಒಂದ ಆವಾರದಾಗ ಇದ್ದು ಕಲಿಯೂ ಪದ್ಧತಿ. ಆಯ್ಕೆ ಆದವರಿಗೆ ಇರಲಿಕ್ಕೆ ಜಾಗಾ, ಸ್ಕಾಲರ್‌ಶಿಪ್ ಅವರ ಕೊಡ್ತಾರ. ರಶೀದ್ ಖಾನರು ಅಲ್ಲೇ ಕಲಿತು ಬೆಳೆದವರು, ಉಲ್ಹಾಸ ಕಶಾಳಕರರಂಥಾ ಗುರುಗಳು ಅಲ್ಲಿ ಕಲಿಸ್ಯಾರ. ಡಿಗ್ರಿ ಅಲ್ಲಿ ಕೊಡೂದಿಲ್ಲ, ಅದಕ್ಕ ಅಪ್ಪಗ ಹೇಳೂ ಮುಂದ ಮುಕ್ತ ವಿವಿ ಮಾತೂ ಜೊತೀಗೆ ಹೇಳು.

ಸಾಧ್ಯ ಅದಯೇನು ಅಂದ್ರ, ಅದ. ಆದ್ರ ಅಲ್ಲಿಗೆ ಬರೋ ಹುಡುಗರು ಆಗಲೇ ಮುಕ್ಕಾಲು ತಾಸು ಒಂದು ರಾಗ ಹಾಡೋವಂಥಾವರು ಇರ್ತಾರ. ಈ ವರ್ಷ ಅರ್ಜಿ ಹಾಕಿ ಸಿಗಲಿಲ್ಲಂದ್ರ ಅಳಬ್ಯಾಡ, ಬಿಡಲೂಬ್ಯಾಡ. ನನ್ನ ಲೆಕ್ಕದಾಗ ಈಗ ಧಾರವಾಡ ಇಲ್ಲಾ ಹುಬ್ಬಳ್ಳಿ ಕಡೆ ನಿಮ್ಮ ಗುರುಗಳು ಹೇಳಿದವರ ಹತ್ರ ಪಾಠ ಹಿಡಿ, ಇಲ್ಲೇ ಡಿಗ್ರಿಗೆ ಸೇರು, ಶಿರಸಿಯಿಂದ ಮೂರು ತಾಸಿನ ಬಸ್ಸು, ಹಬ್ಬಕ್ಕ ಮನೀಗೆ ಹೋಗಬಹುದು, ಹಳೇ ಗುರುಗಳಿಗೂ ಹೋಗಿ ಹಾಡಿ ತೋರಸಬಹುದು. ಮೂರ್ನಾಲ್ಕು ವರ್ಷ ಗಟ್ಟಿ ತಾಲೀಮು ಆಗಲಿ, ಆವಾಗ ಕೋಲ್ಕತಾಕ್ಕ ಹೋಗಿ ಹಾಡು. ಸಿಯುಇಟಿ ಫಾರ್ಮ್ ಮಾತ್ರ ಈ ವರ್ಷ ತುಂಬಿಡು, ಗುರುಗಳೇ ಬನಾರಸಕ್ಕ ಹೋಗು ಅಂದ್ರ ದಾರಿ ಮುಚ್ಚಿರಬಾರದು.

ಮತ್ತ ಆಡಿಷನ್ನಿಗೆ ಭೀಮ್‌ಪಲಾಸ್ ಹಾಡು, ನಿನ್ನ ಹೆಸರಿನ್ಯಾಗ ಅದ ಅಂದ್ರ ಅದರ ಮ್ಯಾಲೆ ಜೀವ ಇರಬೇಕು. ಹತ್ತು ರಾಗ ಅರ್ಧಂಬರ್ಧ ತಯಾರ ಮಾಡೂಕಿಂತ ಅದೊಂದನ್ನ ಈಗಿನಿಂದ ದಿನಾ ವಿಲಂಬಿತ್ ಏಕ್‌ತಾಲದಾಗ ಹಾಡ್ಕೋತ ಹೋಗು. ತಾನ್ ಹೆಚ್ಚು ಹಾಕಬ್ಯಾಡ. ಕೋಮಲ ನಿಷಾದ ಹಚ್ಚೂ ಮುಂದ ಅವಸರ ಮಾಡಬ್ಯಾಡ, ಮಧ್ಯಮದ ಮ್ಯಾಲೆ ನಿಂದ್ರಲಿಕ್ಕೆ ಕಲಿ. ಧಾರವಾಡಕ್ಕ ಬಂದಾಗ ಇಲ್ಲಿ ಒಂದು ಮೆಸೇಜ್ ಹಾಕು, ಅಪ್ಪನ್ನೂ ಕರಕೊಂಡು ಬಾ, ಕಾಲೇಜು, ಗುರುಗಳು, ಹಾಸ್ಟೆಲ್ ಎಲ್ಲಾ ಕೂಡೇ ನೋಡ್ಕೊಂಡು ಬರೋಣು.